ಹುಲ್ಲು ಕೊಯ್ಯುವ ಕುರ್ಚಿ

ಶಿಡ್ಲಘಟ್ಟ
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಅತ್ತಮ್ಮನವರಿಗೆ,

ನಿಮ್ಮ ಸೊಸೆ ಶೋಭಾಳ ನಮಸ್ಕಾರಗಳು. ಮಂಡಿ ನೋವು ಹೇಗಿದೆ? ಗೌರಿಬಿದನೂರಿನಲ್ಲಿ ಬೆಳಗಿನ ಚಳಿ ಜಾಸ್ತಿಯಂತೆ, ಕಾಲಿಗೆ ಬೆಚ್ಚಗೆ ಏನಾದರೂ ಹೊದ್ದುಕೊಳ್ಳುತ್ತೀರೋ ಇಲ್ಲವೋ. ಮಾಲಾ ಮನೆಯ ಮೆಟ್ಟಿಲು ಎತ್ತರ, ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ, ಹುಷಾರಾಗಿ ಇಳಿಯಿರಿ. ಡಾಕ್ಟರು ಬರೆದುಕೊಟ್ಟ ಮುಲಾಮು ಹಚ್ಚಿಕೊಳ್ಳುತ್ತಿದ್ದೀರಾ ಅಥವಾ ಅದನ್ನೂ ವಾಸನೆ ಎಂದು ಕಿಟಕಿಯ ಮೇಲಿಟ್ಟು ಮರೆತಿದ್ದೀರಾ? ಅಲ್ಲಿ ನಮ್ಮ ಮನೆಯ ಹಾಗೆ ರೇಷ್ಮೆ ಹುಳುಗಳಿಲ್ಲ ಅತ್ತಮ್ಮ, ಧಾರಾಳವಾಗಿ ಹಚ್ಚಿಕೊಳ್ಳಬಹುದು.

ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಫೋನ್ ಮಾಡಿದಾಗಲೆಲ್ಲ ಮಾಲಾ "ಅಮ್ಮ ಮಲಗವ್ರೆ ಅತ್ತಿಗೆ" ಎನ್ನುತ್ತಾಳೆ. ಹಗಲು ಹನ್ನೊಂದು ಗಂಟೆಗೆ ಮಲಗುವ ಪೈಕಿಯೇ ನೀವು? ಹಿಂದಿನಿಂದ ನಿಮ್ಮ ಕೆಮ್ಮು ನನಗೆ ಚೆನ್ನಾಗಿಯೇ ಕೇಳಿಸುತ್ತದೆ. ನಿಮ್ಮ ಮಗ ಮಾಡಿದರೆ ಎತ್ತಿಕೊಳ್ಳುತ್ತೀರಿ, ಎತ್ತಿಕೊಂಡು "ಗಾಡಿ ಹೋಯ್ತಾ?" ಎಂದು ಕೇಳಿ, ಇಲ್ಲ ಎಂದರೆ ಇಟ್ಟುಬಿಡುತ್ತೀರಿ. ಅದಕ್ಕೇ ಈ ಪತ್ರ. ಪತ್ರದಲ್ಲಾದರೆ ನೀವು ಮಧ್ಯೆ ಬಾಯಿ ಹಾಕಲು ಆಗುವುದಿಲ್ಲ. ಎದುರು ಮನೆಯ ಭಾನುಪ್ರಕಾಶ್ ನಾಳೆ ಗೌರಿಬಿದನೂರಿಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಈ ವರ್ಷದ ಮೊದಲ ಅವರೆಕಾಯಿ ಜೊತೆ ಇದನ್ನೂ ಕಳಿಸುತ್ತಿದ್ದೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನೀವು ಯಾವಾಗಲೂ ಹೇಳುತ್ತೀರಿ, ಆದ್ದರಿಂದ ಮಾಲಾಳೇ ಓದಿ ಹೇಳಬೇಕಾಗಬಹುದು. ಮಾಲಾ, ನಿಮ್ಮಣ್ಣನನ್ನು ಬೈದಿರುವ ಕಡೆ ನುಂಗಿಕೊಳ್ಳದೆ ಪೂರ್ತಿ ಓದಮ್ಮ.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಮೊಮ್ಮಗಳು ಹಲ್ಲು ಬಿದ್ದ ಸಂಭ್ರಮದಲ್ಲಿದ್ದಾಳೆ, ಬಿದ್ದ ಹಲ್ಲನ್ನು ನಿಮಗೆ ತೋರಿಸಬೇಕೆಂದು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ. ಹಸು ಒಂದು ವಾರ ಸರಿಯಾಗಿ ಹಾಲು ಕೊಡಲಿಲ್ಲ, ಈಗ ಸರಿಹೋಗಿದೆ. ಹಿಪ್ಪುನೇರಳೆ ತೋಟ ಮಾತ್ರ ನೋಡಲು ಎರಡು ಕಣ್ಣು ಸಾಲದು. ಕಡ್ಡಿ ಕತ್ತರಿಸಿದ ಮೇಲೆ ಬಂದ ಚಿಗುರು ಎದೆಮಟ್ಟ ನಿಂತಿದೆ, ಎಲೆ ಅಂಗೈಯಗಲ. ಇಷ್ಟು ಸೊಪ್ಪು ಇಟ್ಟುಕೊಂಡು ಹುಳು ಮನೆ ಖಾಲಿ ಬಿಟ್ಟಿದ್ದೇವೆ ಎಂದು ಅಕ್ಕಪಕ್ಕದವರೆಲ್ಲ ಕೇಳುತ್ತಾರೆ. ನಮ್ಮತ್ತೆ ಹುಲ್ಲು ಕತ್ತರಿಸುವ ಗಾಡಿಯ ಮೇಲೆ ಮುನಿಸಿಕೊಂಡು ಮಗಳ ಮನೆಗೆ ಹೋಗಿದ್ದಾರೆ ಎಂದು ಯಾರಿಗೆ ಹೇಳಲಿ? ಕಣ್ಣು ತೋರಿಸಲು ಹೋಗಿದ್ದಾರೆ ಎಂದಿದ್ದೇನೆ. ಬಂದ ಮೇಲೆ ನೀವೂ ಹಾಗೇ ಹೇಳಬೇಕು.

ಈಗ ಆ ಗಾಡಿಯ ವಿಷಯ. ನೀವು ನೋಡಿದ್ದು ಅರ್ಧ, ನಾನು ಅನುಭವಿಸಿದ್ದು ಪೂರ್ತಿ. ನಂದಿ ಬೆಟ್ಟದ ಕೆಳಗಿನ ಯಾವುದೋ ರೆಸಾರ್ಟಿನವರು ಹೊಸದನ್ನು ತಗೊಂಡು ಮೂಲೆಗೆ ತಳ್ಳಿದ್ದ ಯಂತ್ರವದು. ನಿಮ್ಮ ಮಗ ಅದನ್ನು ಟೆಂಪೋದಲ್ಲಿ ಹೇರಿಕೊಂಡು, ಪಕ್ಕದಲ್ಲೇ ನಿಂತು ಕೈಯಲ್ಲಿ ಹಿಡಿದುಕೊಂಡು, ಹೊಸ ಸೊಸೆಯನ್ನು ಕರೆತಂದ ಹಾಗೆ ಕರೆತಂದರು. ನನ್ನನ್ನು ಚಿಂತಾಮಣಿಯಿಂದ ಕರೆತಂದಾಗ ಇಷ್ಟು ಜೋಪಾನ ಮಾಡಿರಲಿಲ್ಲ. ಕೆಂಪು ಬಣ್ಣ, ಟ್ರ್ಯಾಕ್ಟರ್ ಮರಿಯ ಹಾಗೆ ಇತ್ತು. ಮೇಲೆ ಸ್ಪ್ರಿಂಗ್ ಇರುವ ಸೀಟು, ಹೊಟ್ಟೆಯ ಕೆಳಗೆ ಬ್ಲೇಡು. ಕೂತು ಓಡಿಸುತ್ತಾ ಹೋದರೆ ಹುಲ್ಲು ತಾನಾಗಿ ಕತ್ತರಿಸುತ್ತದೆ ಎಂದು ಇವರು ವಿವರಿಸುತ್ತಿದ್ದರೆ ನೀವು ಅದರ ಸುತ್ತ ಒಂದು ಸುತ್ತು ಬಂದು, "ಏಮಪ್ಪಾ ಮುರಳಿ, ಹುಲ್ಲು ಕೊಯ್ಯೋಕೂ ಕುರ್ಚಿ ಬೇಕಾಯ್ತಾ ನಿಂಗೆ?" ಎಂದಿರಿ. ನಾನು ಸೆರಗು ಬಾಯಿಗಿಟ್ಟು ನಕ್ಕೆ. ಇವರು ನಗಲಿಲ್ಲ. ಪಾಪ, ಇವರ ಲೆಕ್ಕಾಚಾರವೇ ಬೇರೆ. ಈ ಸಲದ ಮಳೆಗೆ ಇವರ ಶಾಲೆಯ ಮೈದಾನದಲ್ಲಿ ಹುಲ್ಲು ಮಂಡಿಯುದ್ದ ಬೆಳೆದು, ಮಕ್ಕಳು ಆಡುವಾಗ ಹಾವು ಬೇರೆ ಕಾಣಿಸಿಕೊಂಡಿತ್ತಲ್ಲ. ಪಿ.ಟಿ. ಮೇಷ್ಟ್ರೇ ಏನಾದರೂ ಮಾಡಿ ಎಂದು ಆಡಳಿತ ಮಂಡಳಿಯವರು ಕೈ ತೊಳೆದುಕೊಂಡರು. ಕ್ರೀಡಾ ದಿನದೊಳಗೆ ಮೈದಾನವನ್ನು ತಾನೇ ಸಿದ್ಧ ಮಾಡಿ ತೋರಿಸಬೇಕು, ಆಮೇಲೆ ಕೈವಾರದವರೆಗಿನ ಶಾಲೆಗಳೆಲ್ಲ ತನ್ನನ್ನೇ ಕರೆಯುತ್ತವೆ ಎಂದು ಇವರ ತಲೆಯಲ್ಲಿ ಕೂತಿತು.

ಮೊದಲು ಹೊಸ ಬ್ಯಾಟರಿ ಬಂತು. ಬ್ಯಾಟರಿ ಹಾಕಿದ ಕೂಡಲೇ ಗಾಡಿ ಗುಡುಗಿ, ಹುಣಸೆ ಮರದವರೆಗೆ ಓಡಿ, ಅಲ್ಲಿ ನಿಂತುಬಿಟ್ಟಿತು. ವರ್ಷಗಟ್ಟಲೆ ಒಳಗೆ ಉಳಿದಿದ್ದ ಪೆಟ್ರೋಲ್ ಅಂಟಾಗಿ ಕಾರ್ಬುರೇಟರ್ ಕಟ್ಟಿಕೊಂಡಿದೆ ಎಂದರು. ಅಲ್ಲಿಯವರೆಗೂ ನನಗೆ ಸಿಟ್ಟಿರಲಿಲ್ಲ. ಆದರೆ ಅದನ್ನು ಬಿಚ್ಚಲು ಇವರಿಗೆ ಊರೆಲ್ಲ ಬಿಟ್ಟು ನಮ್ಮ ಹುಳು ಮನೆಯೇ ಸಿಕ್ಕಿತು. ನೀವು ಕೈವಾರಕ್ಕೆ ಹೋಗಿದ್ದಿರಿ, ನಾನು ತೋಟದಲ್ಲಿದ್ದೆ. ಬೆಳೆ ಮುಗಿದು ಮನೆ ಖಾಲಿಯಿತ್ತು, ನೆಲ ಸಿಮೆಂಟಿನದು, ಸಣ್ಣ ಸ್ಕ್ರೂ ಬಿದ್ದರೂ ಕಾಣುತ್ತದೆ, ಜಾಲರಿ ಬಾಗಿಲಿದೆ, ಧೂಳು ಬರುವುದಿಲ್ಲ ಎಂದು ಇವರ ಸಮಜಾಯಿಷಿ. ರೇಷ್ಮೆ ಸಾಕುವ ಮನೆಯಲ್ಲಿ ಹುಟ್ಟಿ ಬೆಳೆದವರು! ಮುಖಕ್ಕೆ ಪೌಡರ್ ಹಾಕಿಕೊಂಡು ಬಂದ ತಂಗಿಯನ್ನು ನೀವು ಆ ಬಾಗಿಲಿಂದಲೇ ವಾಪಸ್ ಕಳಿಸಿದ್ದನ್ನು ನೋಡಿದವರು. ಊದುಬತ್ತಿ ಹಚ್ಚಿದ ಕೈಯಲ್ಲಿ ನಾನು ಸೊಪ್ಪು ಮುಟ್ಟಿದರೆ ಕೈ ತೊಳೆಸುವವರ ಮಗ. ಅಂಥವರು ಒಂದು ಡಬ್ಬಿ ಪೆಟ್ರೋಲ್ ಸುರಿದುಕೊಂಡು, ಆ ನೆಲದ ಮೇಲೇ ಕೂತು, ಅಂಟು ತೊಳೆದಿದ್ದಾರೆ.

ನೀವು ಬಂದವರು ಅಂಗಳದಲ್ಲೇ ನಿಂತು ಮೂಗು ಎತ್ತಿದ್ದು ನನ್ನ ಕಣ್ಣ ಮುಂದಿದೆ. ಆವತ್ತು ನೀವು ಬೈದಿದ್ದರಲ್ಲಿ ಒಂದು ಮಾತೂ ಹೆಚ್ಚಾಗಿರಲಿಲ್ಲ. ಹುಳುವಿಗೆ ಮೂಗಿದೆ, ನಿಂಗಿಲ್ವಾ ಎಂದಿರಿ, ಸರಿಯಾಗೇ ಇತ್ತು. ಆದರೆ ಕೊನೆಗೆ ಇವರು ರಿಪೇರಿ ಮಾಡಿದರೆ ಇನ್ನೂ ಹತ್ತು ವರ್ಷ ಬರುತ್ತದಮ್ಮ ಎಂದಾಗ ನೀವು ತಣ್ಣಗೆ ಒಂದು ಮಾತು ಹೇಳಿದಿರಿ. "ಹಳೇದಾದ್ಮೇಲೆ ಬಿಟ್ಬಿಡ್ಬೇಕು ಕಣಪ್ಪ. ಗಾಡಿ ಆಗ್ಲಿ, ಮನುಷ್ರಾಗ್ಲಿ. ರಿಪೇರಿ ಮಾಡ್ಕೊಂಡು ಕೂತ್ರೆ ಇರೋ ಕೆಲ್ಸಾನೂ ಕೆಡ್ತದೆ." ಮಾರನೇ ದಿನ ಆ ಗಾಡಿ ಇರುವವರೆಗೂ ಈ ಅಂಗಳಕ್ಕೆ ಕಾಲಿಡುವುದಿಲ್ಲ ಎಂದು ಬಸ್ಸು ಹತ್ತಿದಿರಿ. ತಡೆದರೂ ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ.

ನೀವು ಹೋದ ಮೇಲೆ ಪೆಟ್ರೋಲ್ ವಾಸನೆ ತೆಗೆಯುವುದು ನನ್ನ ಪಾಲಿಗೆ ಬಂತು. ಸೋಪಿನ ನೀರು ಹಾಕಿ ಉಜ್ಜಿದೆ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆದೆ, ಸುಣ್ಣ ಹೊಡೆದೆ, ಹಗಲೆಲ್ಲ ಬಾಗಿಲು ಕಿಟಕಿ ತೆರೆದಿಟ್ಟೆ. ಸಂಜೆ ಹೋಗಿ ಮೂಸಿದರೆ ಅದೇ ವಾಸನೆ. ಇಲ್ಲಿ ನಾನು ನೆಲ ಉಜ್ಜುತ್ತಿದ್ದರೆ ಅಲ್ಲಿ ಇವರ ಗಾಡಿಯ ಬೆಲ್ಟು ಹರಿಯಿತು. ಅದರ ಅಳತೆಯ ಬೆಲ್ಟು ಚಿಂತಾಮಣಿಯಲ್ಲಿಲ್ಲ, ಚಿಕ್ಕಬಳ್ಳಾಪುರದಲ್ಲಿಲ್ಲ. ಹೊರದೇಶದ ಯಂತ್ರ, ಅಲ್ಲಿಂದಲೇ ತರಿಸಬೇಕು, ತಿಂಗಳುಗಟ್ಟಲೆ ಕಾಯಬೇಕು ಎಂದರು. ಕೊನೆಗೆ ಟ್ರ್ಯಾಕ್ಟರ್ ಮೆಕ್ಯಾನಿಕ್ ಕೊಂಡಪ್ಪ ಹಿಟ್ಟಿನ ಗಿರಣಿಯ ಬೆಲ್ಟು ತಂದು ಹಾಕಿದ. ಈ ಕೊಂಡಪ್ಪನ ಬಗ್ಗೆ ನಿಮಗೆ ಹೇಳಲೇಬೇಕು. ಆ ಮನುಷ್ಯನ ಬಾಯಲ್ಲಿ ಆಗುವುದಿಲ್ಲ ಎಂಬ ಮಾತೇ ಇಲ್ಲ. ಏನು ಕೇಳಿದರೂ "ಆಗ್ತದೆ ಸಾರ್, ಮಾಡಣ" ಎನ್ನುತ್ತಾನೆ. ಚಹಾ ಕುಡಿಯುತ್ತಾನೆ, ಇಂಜಿನ್ನಿಗೆ ಕಿವಿ ಕೊಟ್ಟು ತಲೆದೂಗುತ್ತಾನೆ, ಮಾಡಣ ಎಂದು ಹೋಗುತ್ತಾನೆ. ಇಂಥವನ ಜೊತೆ ನಿಮ್ಮ ಮಗನನ್ನು ಬಿಟ್ಟರೆ ಏನಾಗುತ್ತದೋ ಅದೇ ಆಯಿತು.

ಕ್ರೀಡಾ ದಿನದ ಹಿಂದಿನ ದಿನ ಗಾಡಿಯನ್ನು ಶಾಲೆಗೆ ಸಾಗಿಸಿದರು. ಮಕ್ಕಳೆಲ್ಲ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರಂತೆ. ಇವರು ಸೀಟಿನ ಮೇಲೆ ಕೂತು, ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡು, ಒಂದು ಪಕ್ಕದಿಂದ ಕತ್ತರಿಸುತ್ತಾ ಮೈದಾನದ ನಡುವಿನವರೆಗೆ ರಾಜರ ಹಾಗೆ ಬಂದಿದ್ದಾರೆ. ಅಲ್ಲಿ ಹುಲ್ಲಿನೊಳಗೆ ಯಾರೋ ಮರೆತುಹೋಗಿದ್ದ ಕಬ್ಬಿಣದ ಗುಂಡು ಇತ್ತು. ಮಕ್ಕಳಿಗೆ ಗುಂಡು ಎಸೆತ ಕಲಿಸುವವರು ಇವರೇ, ಗುಂಡು ಎಣಿಸಿ ಒಳಗಿಡಬೇಕಾದವರೂ ಇವರೇ. ಬ್ಲೇಡು ಬಾಗಿತು, ಬ್ಲೇಡಿನ ತಿರುಗುವ ದಂಡವೂ ಹೋಯಿತು, ಗಿರಣಿ ಬೆಲ್ಟು ಸುಟ್ಟು ಹೊಗೆ ಬಂತು. ಮೈದಾನ ಅರ್ಧ ಕ್ಷೌರ ಮಾಡಿಸಿಕೊಂಡು ಎದ್ದುಬಂದವನ ತಲೆಯ ಹಾಗೆ ಕಾಣುತ್ತಿತ್ತಂತೆ. ಮಾರನೇ ದಿನ ಬೆಳಿಗ್ಗೆ ಅಕ್ಕಪಕ್ಕದ ಹೆಂಗಸರು ಕುಡುಗೋಲು ತಂದು, ಉಳಿದರ್ಧವನ್ನು ಬಿಸಿಲೇರುವುದರೊಳಗೆ ಕೊಯ್ದು, ಹುಲ್ಲನ್ನು ಹಸುಗಳಿಗೆ ಹೊತ್ತುಕೊಂಡು ಹೋದರು. ಅವರಿಗೆ ಮುಂಚೆಯೇ ಒಂದು ಮಾತು ಹೇಳಿದ್ದರೆ ಇದೆಲ್ಲ ಯಾವುದೂ ಬೇಕಿರಲಿಲ್ಲ. ಇದನ್ನು ನಾನು ಹೇಳಿದ್ದಕ್ಕೆ ಇವರು ಊಟ ಬಿಟ್ಟು ಎದ್ದರು.

ಇಷ್ಟಾದರೂ ಗಾಡಿ ಮನೆಗೇ ವಾಪಸ್ ಬಂತು. ಕೊಂಡಪ್ಪ ಬಂದು ಅದನ್ನು ಮಗ್ಗುಲಿಗೆ ಮಲಗಿಸಿದ. ಬ್ಲೇಡನ್ನು ಮುಚ್ಚಿದ್ದ ತಗಡಿಗೆ ಸ್ಕ್ರೂಡ್ರೈವರ್ ತಾಕಿಸಿದರೆ ಅದು ಹಪ್ಪಳಕ್ಕೆ ಚುಚ್ಚಿದ ಹಾಗೆ ಆಚೆ ಬದಿಗೆ ಹೋಯಿತು. ಇಂಜಿನ್ನು ನೀಲಿ ಹೊಗೆ ಉಗುಳುತ್ತದೆ, ಪೆಟ್ರೋಲಿಗಿಂತ ಆಯಿಲನ್ನೇ ಹೆಚ್ಚು ಕುಡಿಯುತ್ತದೆ. ಗೇರು ಹಾಕಿದರೆ ನರಳುತ್ತದೆ. ಇದನ್ನೆಲ್ಲ ನೋಡಿಯೂ ಕೊಂಡಪ್ಪ "ಆಗ್ತದೆ ಸಾರ್" ಎಂದ. ನನಗೆ ತಡೆಯಲಾಗಲಿಲ್ಲ, ಇದು ನಿನ್ನದೇ ಗಾಡಿಯಾಗಿದ್ದರೆ ಏನು ಮಾಡುತ್ತಿದ್ದೆಯಪ್ಪ ಎಂದು ಕೇಳಿಯೇಬಿಟ್ಟೆ. ಅವನು ಆಕಾಶ ನೋಡಿ, ಕೈ ಒರೆಸಿಕೊಂಡು, "ನಮ್ದಾದ್ರೆ ಬೇರೆ ಮಾತು ಬಿಡಮ್ಮ" ಎಂದ.

ಆದರೂ ಇವರು ಬಿಡಲೊಲ್ಲರು. ಬ್ಯಾಟರಿ ಹೊಸದು, ಅದು ದಂಡವಾಗುತ್ತದೆ ಎಂದರು. ತಗಡು ಬೆಸೆಯಬಹುದು ಎಂದರು. ದಿನಾ ಶಾಲೆಯಿಂದ ಬಂದವರು ಬಟ್ಟೆ ಬದಲಿಸದೆ ಹೋಗಿ ಅದರ ಪಕ್ಕ ಕುಕ್ಕರುಗಾಲಲ್ಲಿ ಕೂರುವುದು, ಒಂದು ನಟ್ಟು ಬಿಚ್ಚುವುದು, ಅದನ್ನೇ ಹಾಕುವುದು. ಒಮ್ಮೆ ಕೇಳಿದೆ, ಯಾಕೆ ಇಷ್ಟು ಹಟ ಎಂದು. "ಎಲ್ರೂ ನನ್ನ ನೋಡಿ ನಗೋದೇ ಆಯ್ತು ಶೋಭಾ. ಅಮ್ಮ ಬೇರೆ ಇದ್ರಿಂದ ಮನೆ ಬಿಟ್ಟೋದ್ರು. ಒಂದ್ಸಲ ಸರಿಯಾಗಿ ಓಡಿದ್ರೆ ಸಾಕು" ಎಂದರು. ಹೀಗಂದರೆ ನಾನು ಏನು ಮಾಡಲಿ ಹೇಳಿ. ಬೈಯೋಣವೆಂದರೆ ಪಾಪ ಎನಿಸುತ್ತದೆ, ಪಾಪ ಎಂದು ಸುಮ್ಮನಿದ್ದರೆ ಅಂಗಳ ತುಂಬ ಆಯಿಲು. ಒಂದು ಕಡೆ ಗಾಡಿ ಹೋಗದೆ ಬರುವುದಿಲ್ಲ ಎನ್ನುವ ನೀವು, ಇನ್ನೊಂದು ಕಡೆ ಗಾಡಿ ಓಡದೆ ಬಿಡುವುದಿಲ್ಲ ಎನ್ನುವ ನಿಮ್ಮ ಮಗ. ತಾಯಿ ಮಗ ಇಬ್ಬರದೂ ಒಂದೇ ಅಚ್ಚು. ನಡುವೆ ನನ್ನ ತಲೆ ಕೆಟ್ಟು ಹೋಗಿತ್ತು.

ಕೊನೆಗೆ ದಾರಿ ತೋರಿಸಿದ್ದು ನೀವೇ ಕಲಿಸಿದ ಒಂದು ಪಾಠ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಬೆಳೆಗೆ ಹಾಲುತೊಂಡೆ ರೋಗ ಬಂದಿತ್ತು, ನೆನಪಿದೆಯಾ? ಹುಳುಗಳು ಊದಿಕೊಂಡು ಹಾಲಿನಂಥ ನೀರು ಸೋರಿಸುತ್ತಿದ್ದವು. ನಮ್ಮ ತವರಿನಲ್ಲಿ ಟೊಮ್ಯಾಟೋ ಬಿಟ್ಟರೆ ಬೇರೆ ಗೊತ್ತಿಲ್ಲ, ನಾನು ಕಾಯಿಲೆ ಹುಳುಗಳನ್ನು ಆರಿಸಿ ಸುಣ್ಣದ ಬಕೆಟ್ಟಿಗೆ ಹಾಕುತ್ತಾ ಅಳುತ್ತಿದ್ದೆ. ನೀವು ಪಕ್ಕಕ್ಕೆ ಬಂದು, "ಕಾಯ್ಲೆ ಹುಳ ನೋಡ್ಕೊಂಡು ಅಳ್ಬೇಡ್ವೇ ಅಮ್ಮಯ್ಯ. ಹೊಸಾ ಸೊಪ್ಪು ಹಾಕು. ಬಾಯಿ ಹಾಕೋ ಹುಳ ಎಷ್ಟವೆ, ಎಲ್ಲವೆ, ಅದನ್ನ ನೋಡು. ಅವನ್ನ ಬೇರೆ ಮಾಡ್ಕೋ. ಉಳಿದಿದ್ದಕ್ಕೆ ನಿನ್ನ ಕೈ ಸವೆಸ್ಬೇಡ" ಎಂದಿರಿ. ಆ ಬೆಳೆಯಲ್ಲಿ ಹುಳು ಮೇಯುವ ಅಂತಸ್ತುಗಳ ಒಂದೇ ಒಂದು ಸ್ಟ್ಯಾಂಡಿನಲ್ಲಿ ಹುಳು ಉಳಿದವು, ಅದರ ಗೂಡು ಮಾರಿಯೇ ಮುಂದಿನ ಬೆಳೆ ಎತ್ತಿದೆವು. ಈ ಮಾತನ್ನೇ ಇವರ ಮುಂದಿಟ್ಟೆ. ಕೆಟ್ಟಿದ್ದು ಏನೇನು ಎಂದು ಕೊಂಡಪ್ಪ ಹೇಳಿದ್ದಾನೆ, ಈಗ ಅದರಲ್ಲಿ ಚೆನ್ನಾಗಿರುವುದು ಏನು ಹೇಳಿ ಎಂದೆ. ಇಂಜಿನ್ನೋ ಗೇರೋ, ಎರಡರಲ್ಲಿ ಒಂದಾದರೂ ಗಟ್ಟಿಯಿದ್ದರೆ ನಾನೇ ಮುಂದೆ ನಿಂತು ಮಾಡಿಸುತ್ತೇನೆ ಎಂದೆ. ಬೆಲ್ಟು, ಬ್ಲೇಡು, ಬ್ಯಾಟರಿ ಹೋಗುವಂಥವೇ, ಹೋದರೆ ಹಾಕಬಹುದು. ಹೊಟ್ಟೆಯೂ ಕೊಳೆತು, ಎದೆಯೂ ಕೆಟ್ಟು, ಸಾಮಾನೂ ಸಿಗದೆ ಹೋದರೆ ಯಾವುದನ್ನು ರಿಪೇರಿ ಮಾಡುತ್ತೀರಿ? ಇವರು ಕೈಯಲ್ಲಿದ್ದ ನಟ್ಟು ಕೆಳಗಿಟ್ಟರು. ಆಮೇಲೆ ಎದ್ದು ಹೋಗಿ ಸ್ನಾನ ಮಾಡಿದರು.

ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೇ ದಿನ ತಾವೇ ಗುಜರಿಯವನಿಗೆ ಫೋನ್ ಮಾಡಿದರು. ನಿನ್ನೆ ಬಂದು ಹೊತ್ತುಕೊಂಡು ಹೋದ. ಹೊಸ ಬ್ಯಾಟರಿಯನ್ನು ಕೊಂಡಪ್ಪ ತನ್ನ ಟ್ರ್ಯಾಕ್ಟರಿಗೆ ಕೇಳಿ ತೆಗೆದುಕೊಂಡ, ಅವನಿಗೂ ಒಳ್ಳೆಯದಾಗಲಿ. ಗಾಡಿ ನಿಂತಿದ್ದ ಜಾಗದಲ್ಲಿ ಆಯಿಲಿನ ಕಲೆ ಒಂದಿದೆ, ಅದರ ಮೇಲೆ ಮಣ್ಣು ಎಳೆದಿದ್ದೇನೆ. ಹುಳು ಮನೆಯ ವಾಸನೆ ಪೂರ್ತಿ ಹೋಗಿದೆ. ನನ್ನ ಮೂಗಿನ ಮೇಲೆ ನಿಮಗೆ ನಂಬಿಕೆಯಿಲ್ಲ ಎಂದು ಗೊತ್ತು, ಅದಕ್ಕೇ ಪಕ್ಕದ ಮನೆಯಿಂದ ಒಂದು ಹಿಡಿ ಹುಳು ತಂದು ಒಳಗೆ ಬಿಟ್ಟು ನೋಡಿದೆ. ಸೊಪ್ಪು ಹಾಕಿದ ಕೂಡಲೇ ಚರಚರ ಎಂದು ತಿಂದವು. ಒಟ್ಟಿನಲ್ಲಿ ನಿಮ್ಮ ಮಾತು ನಡೆಯಿತು ಅತ್ತಮ್ಮ, ಗಾಡಿ ಅಂಗಳದಲ್ಲಿಲ್ಲ. ಇನ್ನು ಬರುವುದು ನಿಮಗೆ ಬಿಟ್ಟದ್ದು.

ಮಾಲಾಗೂ ಅವರ ಮನೆಯವರಿಗೂ ನಮ್ಮೆಲ್ಲರ ನೆನಪು ತಿಳಿಸಿ. ಅವರೆಕಾಯಿ ಎಳೆಯದಿದೆ, ಬೇಗ ಬಿಡಿಸಿ ಸಾರು ಮಾಡಿಕೊಳ್ಳಿ. ನಿಮ್ಮ ಮೊಮ್ಮಗಳು ಇಲ್ಲಿಂದಲೇ ನಿಮ್ಮ ಕಾಲಿಗೆ ಬೀಳುತ್ತಿದ್ದಾಳೆ, ಆಶೀರ್ವಾದ ಮಾಡಿ.

ನಿಮ್ಮ ಸೊಸೆ,
ಶೋಭಾರಾಣಿ

ಮರೆತೆ, ಪತ್ರ ಈಗಲೇ ಕೊಡಿ ಎಂದು ಭಾನುಪ್ರಕಾಶ್ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಗಾಡಿ ಪೂರ್ತಿ ಹೋಗಿಲ್ಲ. ಗುಜರಿಯವನು ಬರುವ ಮೊದಲೇ ಸೀಟು ಬಿಚ್ಚಿಸಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ಚೆನ್ನಾಗಿದ್ದದ್ದು ಸ್ಪ್ರಿಂಗ್ ಸೀಟು ಮತ್ತು ಮುಂದಿನ ಎರಡು ಚಿಕ್ಕ ಚಕ್ರ, ಅಷ್ಟೇ. ನಮ್ಮ ಹುಳು ಮನೆಯ ಸ್ಟ್ಯಾಂಡ್ ಮಾಡಿಕೊಟ್ಟ ಗಂಗರಾಜು ಹತ್ತಿರ ನಿಮ್ಮ ಮಗನೇ ಸೀಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ, ಇನ್ನೆರಡು ಚಕ್ರ ಸೇರಿಸಿ, ನೀವು ಕೂತೇ ಸೊಪ್ಪು ಹಾಕುವ ಹಾಗೆ ಉರುಳುವ ಕುರ್ಚಿ ವೆಲ್ಡಿಂಗ್ ಮಾಡಿಸಿದ್ದಾರೆ. ಸ್ಟ್ಯಾಂಡುಗಳ ನಡುವಿನ ಜಾಗ ಅಳೆದುಕೊಂಡೇ ಹೋಗಿದ್ದರು, ಸರಿಯಾಗಿ ಓಡುತ್ತದೆ. ಹಳೆಯ ರೆಕ್ಸಿನ್ ಕಿತ್ತೆಸೆದು, ಬ್ಲೀಚಿಂಗ್ ನೀರಲ್ಲಿ ತೊಳೆದು, ಬಿಸಿಲಿಗೆ ಹಾಕಿ, ಹತ್ತಿ ಬಟ್ಟೆ ಹೊದಿಸಿದ್ದೇನೆ. ಪೆಟ್ರೋಲಿಲ್ಲ, ವಾಸನೆಯಿಲ್ಲ. ಕಳೆದ ಬೆಳೆಯಲ್ಲಿ ಕೆಳಗಿನ ಅಂತಸ್ತಿಗೆ ಸೊಪ್ಪು ಹಾಕಲು ಕೂತವರು ನೀವು ಏಳಲಾಗದೆ, ನಾನು ಬಂದಾಗ ಹುಳು ನೋಡ್ತಾ ಇದ್ದೀನಿ ಎಂದಿರಿ. ನಾನು ನೋಡಿದ್ದೆ ಅತ್ತಮ್ಮ. ನೀವು ಹೋಗಿದ್ದು ಗಾಡಿಗೋಸ್ಕರ ಅಲ್ಲ. ಗಾಡಿಯ ಜೊತೆ ನಿಮ್ಮನ್ನೂ ಸೇರಿಸಿ ಬಿಟ್ಟುಬಿಡಬೇಕು ಎಂದಿರಲ್ಲ, ನನಗೆ ಇಷ್ಟು ದಿನ ಸಿಟ್ಟಿದ್ದದ್ದು ಅದರ ಮೇಲೆ. ಬಾಯಿ ಹಾಕುವ ಹುಳು ಯಾವುದು ಎಂದು ನೋಡುವುದನ್ನು ನನಗೆ ಕಲಿಸಿದವರು ನೀವು. ಬುಧವಾರ ಹೊಸ ಬೆಳೆಗೆ ಚಾಕಿ ಮರಿಹುಳು ಬರುತ್ತವೆ, ತರಲು ಹೇಳಿಬಿಟ್ಟಿದ್ದೇನೆ. ಅಷ್ಟರಲ್ಲಿ ಬನ್ನಿ. ಹುಲ್ಲು ಕೊಯ್ಯೋಕೆ ಕುರ್ಚಿ ಬೇಕಾ ಎಂದು ಮತ್ತೆ ಬೈಯುವುದಿದ್ದರೆ ಅದರ ಮೇಲೆ ಕೂತುಕೊಂಡೇ ಬೈಯಿರಿ.